ಸೂರ್ಯಸಾಮೀಪ್ಯವೂ ಋತುಭೇದವೂ

ನರಗುಂದ ಸೀಮೆಯ ಎರೆಹೊಲಗಳಲ್ಲಿ ಬಿಳಿಜೋಳ ತೆನೆಗಟ್ಟಿ, ಕಡಲೆ ಕಾಯಿ ಹಿಡಿಯುವ ಹೊತ್ತಿಗೆ ಎಳ್ಳಮಾವಾಸ್ಯೆ ಬರುತ್ತದೆ. ಅಂದು ರೈತಾಪಿ ಜನರು ಚಕ್ಕಡಿ ಹೂಡಿ, ಬುತ್ತಿ ಕಟ್ಟಿಕೊಂಡು, ಮನೆಮಂದಿಯೊಡನೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬರುವುದು ಈ ಪ್ರಾಂತದ ರೂಢಿ. ನಸುಕಿನಲ್ಲಿ ಹೊರಡುವವರ ಮೈಮೇಲೆ ಕಂಬಳಿ ಇರಲೇಬೇಕು, ಚಳಿ ಅಷ್ಟಿರುತ್ತದೆ. ಮಾರ್ಗಶಿರದ ಈ ಅಮಾವಾಸ್ಯೆ ಒಂದು ವರ್ಷ ಡಿಸೆಂಬರದ ಉತ್ತರಾರ್ಧದಲ್ಲಿಯೂ ಇನ್ನೊಂದು ವರ್ಷ ಜನವರಿಯ ಪೂರ್ವಾರ್ಧದಲ್ಲಿಯೂ ಬೀಳುತ್ತದೆ. ಸೋಜಿಗವೆಂದರೆ, ಭೂಮಿಯು ವರ್ಷದಲ್ಲೆಲ್ಲ ಸೂರ್ಯನಿಗೆ ಅತ್ಯಂತ ಸಮೀಪದಲ್ಲಿರುವುದು ಈ ಚಳಿಯ ದಿನಗಳಲ್ಲಿಯೇ, ಜನವರಿಯ ಮೊದಲ ವಾರದಲ್ಲಿ. ಆಗ ಉಭಯರ ನಡುವಣ ಅಂತರ ಸುಮಾರು 14 ಕೋಟಿ 71 ಲಕ್ಷ ಕಿಲೋಮೀಟರು. ಅತ್ಯಂತ ದೂರ ಸರಿಯುವುದು ಜುಲೈ ಮೊದಲ ವಾರದಲ್ಲಿ, ಆರಿದ್ರಾ ಮಳೆಯ ಕೊನೆಯ ದಿನಗಳಲ್ಲಿ. ಆಗಿನ ಅಂತರ ಸುಮಾರು 15 ಕೋಟಿ 21 ಲಕ್ಷ ಕಿಲೋಮೀಟರು. ಖಗೋಳಶಾಸ್ತ್ರದಲ್ಲಿ ಮೊದಲನೆಯ ಸ್ಥಾನಕ್ಕೆ ರವಿನೀಚವೆಂದೂ ಎರಡನೆಯದಕ್ಕೆ ರವ್ಯುಚ್ಚವೆಂದೂ ಹೆಸರು.

ಬೇಸಿಗೆ ಏಕೆ ಬರುತ್ತದೆಂದು ತರಗತಿಯಲ್ಲಿ ಕೇಳಿದರೆ ಹತ್ತರಲ್ಲಿ ಎಂಟು ಮಂದಿ ಬಾಲಕರು, ಸೂರ್ಯನು ಹತ್ತಿರ ಬರುವುದರಿಂದ ಎಂದೇ ಉತ್ತರಿಸುತ್ತಾರೆ. ಈ ಉತ್ತರಕ್ಕೆ ಅವರನ್ನು ಜರೆಯುವುದು ಸಲ್ಲದು. ಒಲೆಯ ಮುಂದೆ ಕುಳಿತ ಅನುಭವ ಹೇಳಿಕೊಡುವುದು ಅದನ್ನೇ. ದೋಷವಿರುವುದು ಹೆಚ್ಚಾಗಿ ಪಟಗಳಲ್ಲಿ. ಭೂಮಿಯ ಕಕ್ಷೆ ದೀರ್ಘವೃತ್ತವೆಂಬುದನ್ನು ತೋರಿಸುವ ಉತ್ಸಾಹದಲ್ಲಿ ಅದನ್ನು ಕೋಳಿಯ ತತ್ತಿಯಂತೆ ಉದ್ದುದ್ದವಾಗಿ ಬರೆಯುವ ಪದ್ಧತಿ ಪಠ್ಯಪುಸ್ತಕಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ನಿಜವಾದ ಪ್ರಮಾಣದಲ್ಲಿ ಕಪ್ಪುಹಲಗೆಯ ಮೇಲೆ ಆ ಕಕ್ಷೆಯನ್ನು ಒಂದು ಮೀಟರು ಅಗಲವಾಗಿ ಬರೆದರೆ, ಅದರ ಉದ್ದಕ್ಕೂ ಅಡ್ಡಕ್ಕೂ ಇರುವ ವ್ಯತ್ಯಾಸ ಒಂದು ಮಿಲಿಮೀಟರಿನ ಏಳನೆಯ ಒಂದು ಪಾಲು ಮಾತ್ರ. ಸೀಮೆಸುಣ್ಣದ ಗೆರೆಯ ದಪ್ಪವೇ ಅದಕ್ಕಿಂತ ಹೆಚ್ಚು! ಸೂರ್ಯನನ್ನು ಮಾತ್ರ ನಟ್ಟನಡುವೆ ಇಡದೆ ಎಂಟು ಮಿಲಿಮೀಟರಿನಷ್ಟು ಒಂದು ಪಕ್ಕಕ್ಕೆ ಸರಿಸಬೇಕಾಗುತ್ತದೆ. ದೂರ ಹೆಚ್ಚುಕಡಿಮೆಯಾಗುವುದು ಈ ಎಂಟು ಮಿಲಿಮೀಟರಿನಿಂದಲೇ ಹೊರತು ತತ್ತಿಯ ಆಕಾರದಿಂದಲ್ಲ.

ಹಾಗೆಂದು ಆ ಐವತ್ತು ಲಕ್ಷ ಕಿಲೋಮೀಟರು ನಿಷ್ಫಲವೆಂದು ಹೇಳಲಾಗದು. ಜುಲೈ ತಿಂಗಳಿನಲ್ಲಿ ಭೂಮಿಗೆ ಬರುವುದಕ್ಕಿಂತ ನೂರಕ್ಕೆ ಏಳರಷ್ಟು ಹೆಚ್ಚಿನ ಬಿಸಿಲು ಜನವರಿಯಲ್ಲಿ ಬರುತ್ತದೆ. ಇದು ಅಳೆದು ಕಂಡ ಸಂಗತಿ. ಹಾಗಾದರೆ ಹೆಚ್ಚು ಬಿಸಿಲು ಬರುವ ತಿಂಗಳಲ್ಲಿಯೇ ನರಗುಂದದವರು ಕಂಬಳಿ ಹೊದೆಯುವುದೇಕೆ? ಇದಕ್ಕೆ ಉತ್ತರವನ್ನು ಆಕಾಶದಲ್ಲಿ ಹುಡುಕುವ ಮೊದಲು ಶಾಲೆಯ ಅಂಗಳದಲ್ಲಿ ಹುಡುಕುವುದು ಲೇಸು.

ಪ್ರಾಚೀನ ಗಣಕರ ಮುಖ್ಯ ಉಪಕರಣ ಶಂಕು. ಹನ್ನೆರಡು ಅಂಗುಲ ಎತ್ತರದ ಒಂದು ನೆಟ್ಟನೆಯ ಗೂಟವನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಮಧ್ಯಾಹ್ನದ ನೆರಳನ್ನು ಅಳೆಯುವುದಷ್ಟೇ ಅದರ ವಿಧಾನ. ನರಗುಂದ ಇರುವುದು ವಿಷುವದ್ವೃತ್ತದಿಂದ ಉತ್ತರಕ್ಕೆ 15 ಅಂಶ 43 ಕಲೆಯ ಸುಮಾರಿಗೆ. ಹಗಲಿರುಳು ಸಮವಾಗುವ ವಿಷುವದ್ದಿನದಂದು, ಅಂದರೆ ಮಾರ್ಚ್ 21 ಮತ್ತು ಸೆಪ್ಟೆಂಬರ್ 23ರ ಸುಮಾರಿಗೆ, ಇಲ್ಲಿ ಆ ಶಂಕುವಿನ ನೆರಳು ಉತ್ತರಕ್ಕೆ ಬಿದ್ದು 3 ಅಂಗುಲಕ್ಕಿಂತ ತುಸು ಹೆಚ್ಚು ಉದ್ದವಾಗಿರುತ್ತದೆ. ಸಿದ್ಧಾಂತಗ್ರಂಥಗಳಲ್ಲಿ ಇದಕ್ಕೆ ಪಲಭಾ ಎಂದು ಹೆಸರು. ಊರಿನ ಅಕ್ಷಾಂಶವನ್ನು ತಿಳಿಯಲು ಇದೇ ಸಾಧನ. ಡಿಸೆಂಬರ್ 21 ಅಥವಾ 22ರಂದು ಅದೇ ನೆರಳು ಹತ್ತು ಅಂಗುಲದ ಹತ್ತಿರಕ್ಕೆ ಬೆಳೆಯುತ್ತದೆ. ಜೂನ್ 21ರಂದಾದರೋ ನೆರಳು ದಿಕ್ಕನ್ನೇ ಬದಲಿಸಿ, ದಕ್ಷಿಣಕ್ಕೆ ಒಂದೂವರೆ ಅಂಗುಲದಷ್ಟು ಬೀಳುತ್ತದೆ. ಅಳೆಯುವವರು ಗಡಿಯಾರದ ಹನ್ನೆರಡು ಗಂಟೆಯನ್ನು ನಂಬಬಾರದು. ಭಾರತದ ಪ್ರಮಾಣಕಾಲ 82 ಅಂಶ 30 ಕಲೆಯ ರೇಖಾಂಶವನ್ನು ಅನುಸರಿಸುವುದರಿಂದ, ಅದಕ್ಕಿಂತ ಏಳು ಅಂಶ ಪಶ್ಚಿಮದಲ್ಲಿರುವ ನರಗುಂದದಲ್ಲಿ ನಿಜವಾದ ಮಧ್ಯಾಹ್ನ ಹನ್ನೆರಡೂವರೆಯ ಆಸುಪಾಸಿನಲ್ಲಿ ಆಗುತ್ತದೆ. ನೆರಳು ಅತ್ಯಂತ ಕಿರಿದಾಗುವ ಕ್ಷಣವೇ ಮಧ್ಯಾಹ್ನ. ಅದಕ್ಕೆ ಬೇರೆ ಗಡಿಯಾರ ಬೇಡ.

ನೆರಳು ಉದ್ದವಾಯಿತೆಂದರೆ ಬಿಸಿಲು ಓರೆಯಾಯಿತೆಂದು ಅರ್ಥ. ಡಿಸೆಂಬರದ ಅಯನದಿನದಂದು ನರಗುಂದದ ಮಧ್ಯಾಹ್ನದ ಸೂರ್ಯ ಕ್ಷಿತಿಜದಿಂದ 51 ಅಂಶದಷ್ಟೇ ಮೇಲೇರುತ್ತಾನೆ. ನೆತ್ತಿಯ ಮೇಲಿಂದ ಬಿದ್ದಾಗ ಒಂದು ಎಕರೆಗೆ ಸಲ್ಲುತ್ತಿದ್ದ ಬಿಸಿಲು ಈ ಓರೆಯಿಂದಾಗಿ ಒಂದೂಕಾಲು ಎಕರೆಗೂ ಮೀರಿ ಹರಡಿಕೊಳ್ಳುತ್ತದೆ. ಒಂದು ಎಕರೆಗೆ ಅಳೆದು ತಂದ ಬೀಜವನ್ನೇ ಒಂದೂಕಾಲು ಎಕರೆಗೆ ಕೂರಿಗೆ ಹೊಡೆದರೆ ಪೈರು ತೆಳುವಾಗುವುದಿಲ್ಲವೆ? ಇದೂ ಅದೇ ಲೆಕ್ಕ. ಓರೆಯ ದೆಸೆಯಿಂದ ಆದ ನಷ್ಟ ಮಧ್ಯಾಹ್ನದ ಹೊತ್ತಿನಲ್ಲಿಯೇ ನೂರಕ್ಕೆ 22. ಬೆಳಗು ಬೈಗುಗಳಲ್ಲಿ ಇನ್ನೂ ಹೆಚ್ಚು. ಇದರ ಜೊತೆಗೆ ಹಗಲೂ ಕುಗ್ಗುತ್ತದೆ. ಜೂನ್ ಕೊನೆಯಲ್ಲಿ ಇಲ್ಲಿ 13 ಗಂಟೆಗೂ ತುಸು ಮೀರಿದ ಹಗಲು, ಡಿಸೆಂಬರ್ ಕೊನೆಯಲ್ಲಿ 11 ಗಂಟೆ 10 ನಿಮಿಷದ ಸುಮಾರಿಗೆ ಇಳಿಯುತ್ತದೆ. ಸಾಮೀಪ್ಯದಿಂದ ಬಂದ ಲಾಭ ಏಳು. ಓರೆಯಿಂದಲೂ ಹಗಲಿನ ಕುಗ್ಗುವಿಕೆಯಿಂದಲೂ ಆದ ನಷ್ಟ ಅದರ ಹಲವು ಪಟ್ಟು. ಚಳಿ ಬೀಳುವುದರಲ್ಲಿ ಆಶ್ಚರ್ಯವೇನು!

ಓರೆಗೆ ಕಾರಣ ಭೂಮಿಯ ಅಕ್ಷದ ವಾಲುವಿಕೆ. ಭೂಮಿಯ ಅಕ್ಷವು ಅದರ ಕಕ್ಷೆಯ ತಲಕ್ಕೆ ಲಂಬವಾಗಿರದೆ ಸುಮಾರು ಇಪ್ಪತ್ತಮೂರೂವರೆ ಅಂಶ ವಾಲಿಕೊಂಡಿದೆ. ವರ್ಷವಿಡೀ ಸೂರ್ಯನನ್ನು ಸುತ್ತುವಾಗಲೂ ಅದು ಧ್ರುವನಕ್ಷತ್ರದ ಕಡೆಗೇ ನೆಟ್ಟಿರುವುದರಿಂದ, ಕಕ್ಷೆಯ ಒಂದು ಮಗ್ಗುಲಲ್ಲಿ ಉತ್ತರಾರ್ಧಗೋಲವು ಸೂರ್ಯನ ಕಡೆಗೆ ಬಾಗಿದಂತಾಗುತ್ತದೆ. ಆರು ತಿಂಗಳ ತರುವಾಯ ದಕ್ಷಿಣಾರ್ಧಗೋಲ ಬಾಗಿದಂತಾಗುತ್ತದೆ. ಬಾಗುವುದೆಂದರೆ ಅಕ್ಷವೇ ಹಿಂದುಮುಂದಾಗುತ್ತದೆಂದು ಕೆಲವು ವಿದ್ಯಾರ್ಥಿಗಳು ಭಾವಿಸುತ್ತಾರೆ. ಅಕ್ಷ ಅಲುಗುವುದಿಲ್ಲ; ಸೂರ್ಯನನ್ನು ಕುರಿತ ಅದರ ಸ್ಥಾನ ಬದಲಾಗುತ್ತದೆ ಅಷ್ಟೆ. ನರಗುಂದದ ಗುಡ್ಡವನ್ನೇರಿ ಎರೆಬಯಲಿನ ಅಂಚಿನಲ್ಲಿ ಸೂರ್ಯ ಮೂಡುವ ತಾಣವನ್ನು ವರ್ಷವಿಡೀ ಗುರುತಿಸಿದರೆ, ಅದು ನಡುಮೂಡಣದಿಂದ ಎಡಕ್ಕೂ ಬಲಕ್ಕೂ 24 ಅಂಶಕ್ಕಿಂತ ತುಸು ಹೆಚ್ಚು ತೂಗಾಡುವುದು ಕಾಣುತ್ತದೆ. ಉತ್ತರಾಯಣ ದಕ್ಷಿಣಾಯನಗಳೆಂದರೆ ಕಣ್ಣಿಗೆ ಕಾಣುವ ಈ ತೂಗಾಟವೇ.

ಈ ಊರಿನ ಬೇಸಿಗೆಗೆ ಇನ್ನೊಂದು ವೈಶಿಷ್ಟ್ಯವುಂಟು. ಕರ್ಕಾಟಕಸಂಕ್ರಾಂತಿವೃತ್ತದ ಒಳಗಿರುವ ಊರಾದುದರಿಂದ ಸೂರ್ಯನು ನರಗುಂದದ ನೆತ್ತಿಯನ್ನು ವರ್ಷಕ್ಕೆ ಎರಡು ಬಾರಿ ದಾಟುತ್ತಾನೆ. ಮೇ 3 ಅಥವಾ 4ರ ಸುಮಾರಿಗೆ ಉತ್ತರಕ್ಕೆ ಹೋಗುವಾಗ ಒಮ್ಮೆ, ಆಗಸ್ಟ್ 9ರ ಸುಮಾರಿಗೆ ದಕ್ಷಿಣಕ್ಕೆ ಮರಳುವಾಗ ಇನ್ನೊಮ್ಮೆ. ಆ ಎರಡು ಮಧ್ಯಾಹ್ನಗಳಲ್ಲಿ ಶಂಕುವಿಗೆ ನೆರಳೇ ಇರದು. ಆದರೂ ಇಲ್ಲಿ ಎರಡು ಬೇಸಿಗೆಗಳಿಲ್ಲ. ಮೇ ತಿಂಗಳಿನಲ್ಲಿ ಬಾನು ಬರಿದಾಗಿ, ಎರೆ ಬಿರುಕು ಬಿಟ್ಟು, ಬಿಸಿಲನ್ನು ತಡೆಯುವುದು ಒಂದೂ ಇರುವುದಿಲ್ಲ. ಆಗಸ್ಟಿನ ನೆತ್ತಿಯ ಸೂರ್ಯ ಆಶ್ಲೇಷಾ ಮಳೆಯ ಮೋಡಗಳ ಮರೆಯಲ್ಲಿ ಯಾರ ಗಮನಕ್ಕೂ ಬಾರದೆ ದಾಟಿಹೋಗುತ್ತಾನೆ. ಸಹ್ಯಾದ್ರಿಯ ಮಳೆನೆರಳಿನ ಸೀಮೆಯಾದುದರಿಂದ ಆ ಮೋಡಗಳು ಹೆಚ್ಚು ಸುರಿಸದಿದ್ದರೂ ಬಿಸಿಲನ್ನು ತಡೆಯುವ ಕೆಲಸವನ್ನಂತೂ ಮಾಡುತ್ತವೆ. ಉತ್ತರಭಾರತದ ಪುಸ್ತಕಗಳನ್ನೋ ಆಂಗ್ಲ ಪುಸ್ತಕಗಳನ್ನೋ ನೋಡಿ ಜೂನ್ ಇಪ್ಪತ್ತೊಂದನ್ನು ಬೇಸಿಗೆಯ ತುದಿಯೆಂದು ಇಲ್ಲಿನ ಮಕ್ಕಳಿಗೆ ಕಲಿಸುವುದು ಅಷ್ಟೇನೂ ವಿವೇಕವಲ್ಲ.

ದೂರವೇ ಋತುವಿಗೆ ಕಾರಣವಾಗಿದ್ದರೆ ಇಡೀ ಭೂಮಂಡಲಕ್ಕೆ ಏಕಕಾಲದಲ್ಲಿ ಬೇಸಿಗೆ ಬರಬೇಕಾಗಿತ್ತು. ಎಳ್ಳಮಾವಾಸ್ಯೆಯ ದಿನಗಳಲ್ಲಿ ಆಸ್ಟ್ರೇಲಿಯದಲ್ಲಿ ಕಡುಬೇಸಿಗೆ ಇರುತ್ತದೆಂಬುದು ಈಗ ಎಲ್ಲರೂ ಬಲ್ಲ ಮಾತು. ಆ ಖಂಡದ ಹೆಸರನ್ನೂ ಕೇಳಿರದ ಕಾಲದಲ್ಲಿ ಸೂರ್ಯಸಿದ್ಧಾಂತದ ಭೂಗೋಳಾಧ್ಯಾಯವು ಇದನ್ನು ಹೇಳಿರುವುದು ಗಮನಾರ್ಹ. ಮೇರುವಿನ ಕಡೆಯ ದೇವಭಾಗಕ್ಕೆ ಗ್ರೀಷ್ಮದಲ್ಲಿ ಸೂರ್ಯನು ಸಮೀಪನಾಗಿ ಕಿರಣಗಳು ತೀಕ್ಷ್ಣವಾಗುತ್ತವೆಂದೂ, ಅಸುರಭಾಗಕ್ಕೆ ಇದು ಹೇಮಂತದಲ್ಲಿ ಆಗುತ್ತದೆಂದೂ ಅಲ್ಲಿ ಪ್ರತಿಪಾದಿತವಾಗಿದೆ. ಸಾಮೀಪ್ಯವೆಂಬ ಪದವನ್ನು ಕಂಡು ಕೆಲವರು ಎಡವುವುದುಂಟು. ಎರಡು ಭಾಗಗಳಿಗೆ ಬೇರೆ ಬೇರೆ ಕಾಲವನ್ನು ಹೇಳಿರುವುದರಿಂದಲೇ, ಅದು ಭೂಮಿಗೂ ಸೂರ್ಯನಿಗೂ ಇರುವ ಒಟ್ಟು ದೂರವಲ್ಲವೆಂದೂ, ಆಯಾ ಭಾಗದವರ ನೆತ್ತಿಗೆ ಸೂರ್ಯನು ಹತ್ತಿರವಾಗುವುದೆಂದೂ ತಿಳಿಯಬೇಕು. ಕ್ರಿ.ಶ. 1150ರಲ್ಲಿ ಸಿದ್ಧಾಂತಶಿರೋಮಣಿಯನ್ನು ರಚಿಸಿದ ಭಾಸ್ಕರಾಚಾರ್ಯನು ಗೋಲಾಧ್ಯಾಯದಲ್ಲಿ ಗಣಿತದ ನಡುವೆಯೇ ಋತುವರ್ಣನೆಗೂ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ಗಣಕನಿಗೆ ಕವಿಹೃದಯವಿರಲಾರದೆಂದು ಹೇಳುವವರು ಅದನ್ನು ಓದಬೇಕು.

ಹಾಗಾದರೆ ದೂರದ ಏರಿಳಿತ ಎಲ್ಲಿಯೂ ಕಣ್ಣಿಗೆ ಬೀಳುವುದಿಲ್ಲವೆ? ಬೀಳುತ್ತದೆ, ಪಂಚಾಂಗದ ದಿನಗಣನೆಯಲ್ಲಿ. ರೈತರು ಎಣಿಸುವ ಮಳೆಗಳು ಸೂರ್ಯನು ಆಯಾ ನಕ್ಷತ್ರದಲ್ಲಿರುವ ಅವಧಿಗಳು. ಕ್ರಾಂತಿವೃತ್ತವನ್ನು ಇಪ್ಪತ್ತೇಳು ಸಮಪಾಲು ಮಾಡಿದಾಗ ಒಂದೊಂದು ನಕ್ಷತ್ರಕ್ಕೆ 13 ಅಂಶ 20 ಕಲೆ ಸಲ್ಲುತ್ತದೆ. ಪಾಲು ಸಮವಾದರೂ ದಿನಗಳು ಸಮವಾಗಿಲ್ಲ. ಜೂನ್ 22ರ ಸುಮಾರಿಗೆ ಹುಟ್ಟುವ ಆರಿದ್ರಾ ಜುಲೈ 6ರ ಸುಮಾರಿನವರೆಗೆ ಹದಿನಾಲ್ಕು ದಿನ ನಡೆಯುತ್ತದೆ. ಡಿಸೆಂಬರ್ 29ರ ಸುಮಾರಿಗೆ ಬರುವ ಪೂರ್ವಾಷಾಢಾ ಹದಿಮೂರೇ ದಿನಗಳಿಗೆ ಮುಗಿದುಹೋಗುತ್ತದೆ. ಅದು ಮಳೆಯ ನಕ್ಷತ್ರವಲ್ಲವಾದುದರಿಂದ ರೈತರು ಅದನ್ನು ಎಣಿಸದಿದ್ದರೂ ಪಂಚಾಂಗದಲ್ಲಿ ಅದರ ಪ್ರವೇಶ ನಮೂದಾಗಿರುತ್ತದೆ. ದೂರದಲ್ಲಿದ್ದಾಗ ಭೂಮಿಯ ನಡೆ ಮಂದ, ಸಮೀಪದಲ್ಲಿದ್ದಾಗ ಶೀಘ್ರ ಎಂಬುದೇ ಇದರ ಮರ್ಮ. ಜರ್ಮನ್ ಪಂಡಿತ ಕೆಪ್ಲರನು 1609ರಲ್ಲಿ ಪ್ರಕಟಿಸಿದ ನಿಯಮಗಳಲ್ಲಿ ಇದು ಅಡಕವಾಗಿದೆ. ಭೂಮಿಯನ್ನು ನಡುವಿನಲ್ಲಿಟ್ಟು ಎಣಿಸಿದ ಭಾರತೀಯ ಗಣಕರಿಗೂ ಇದು ತಿಳಿದಿತ್ತು. ಸೂರ್ಯನ ಗತಿ ಅತ್ಯಂತ ನಿಧಾನವಾಗುವ ಸ್ಥಾನವನ್ನು ಅವರು ಮಂದೋಚ್ಚವೆಂದು ಕರೆದು, ಸೂರ್ಯಸಿದ್ಧಾಂತದಲ್ಲಿ ಸುಮಾರು 77 ಅಂಶಗಳಲ್ಲಿ, ಎಂದರೆ ಮಿಥುನ ರಾಶಿಯ ಆರಿದ್ರೆಯಲ್ಲಿ, ನಿರ್ದೇಶಿಸಿದರು. ಇಂದಿನ ರವ್ಯುಚ್ಚವೂ ಆರಿದ್ರೆಯಲ್ಲಿಯೇ ಇದೆ, ಸುಮಾರು 79 ಅಂಶಗಳಲ್ಲಿ.

ಈ ವಿದ್ಯೆಗೂ ನರಗುಂದಕ್ಕೂ ಒಂದು ಹಳೆಯ ನಂಟು ಉಂಟು. ಚಾಲುಕ್ಯ ಚಕ್ರವರ್ತಿ ಆಹವಮಲ್ಲ ಸೋಮೇಶ್ವರನ ಕಾಲದಲ್ಲಿ, ಕ್ರಿ.ಶ. 1049ರಲ್ಲಿ, ಜಾತಕತಿಲಕವೆಂಬ ಗ್ರಂಥವನ್ನು ಕನ್ನಡದಲ್ಲಿ ರಚಿಸಿದ ಶ್ರೀಧರಾಚಾರ್ಯನು ಬೆಳ್ವೊಲ ನಾಡಿನ ನರಿಗುಂದದವನು. ಕನ್ನಡದಲ್ಲಿ ದೊರೆತಿರುವ ಜ್ಯೋತಿಷಗ್ರಂಥಗಳಲ್ಲಿ ಅದೇ ಪ್ರಾಚೀನವಾದುದು. ಜಾತಕಫಲದ ವಿಚಾರ ಇಲ್ಲಿ ಅಪ್ರಸ್ತುತ. ಆದರೆ ಜಾತಕವನ್ನು ಗುಣಿಸಲು ಕುಳಿತವನಿಗೆ ಸ್ಫುಟರವಿ ಬೇಕೇ ಬೇಕು. ಸ್ಫುಟರವಿಗೆ ಮಂದಫಲ ಬೇಕು. ಮಂದಫಲವೆಂದರೆ ಭೂಮಿಸೂರ್ಯರ ಅಂತರ ಬದಲಾಗುವುದರಿಂದ ಹುಟ್ಟುವ ತಿದ್ದುಪಡಿಯೇ.

ಇಲ್ಲೊಂದು ಸೊಗಸಾದ ಲೆಕ್ಕ ಅಡಗಿದೆ. ಪೂರ್ವಾಷಾಢೆಯ ದಿನಗಳಲ್ಲಿ ಭೂಮಿಗೆ ಬೀಳುವ ಬಿಸಿಲು ನೂರಕ್ಕೆ ಏಳರಷ್ಟು ಹೆಚ್ಚು. ಆದರೆ ಹದಿನಾಲ್ಕು ದಿನ ನಡೆಯಬೇಕಾದುದು ಹದಿಮೂರು ದಿನಕ್ಕೆ ಮುಗಿಯುವುದರಿಂದ ಕಾಲವು ಅದೇ ಪ್ರಮಾಣದಲ್ಲಿ ಕಡಿಮೆ. ದೂರದ ವರ್ಗಕ್ಕೆ ತಕ್ಕಂತೆ ಬಿಸಿಲು ಕುಗ್ಗುತ್ತದೆ, ಅದೇ ವರ್ಗಕ್ಕೆ ತಕ್ಕಂತೆ ಅವಧಿ ಹಿಗ್ಗುತ್ತದೆ. ಆದುದರಿಂದ ಇಪ್ಪತ್ತೇಳು ನಕ್ಷತ್ರಗಳಲ್ಲಿ ಯಾವುದನ್ನೇ ಹಿಡಿದರೂ, ಆ ಅವಧಿಯಲ್ಲಿ ಇಡೀ ಭೂಮಿಗೆ ಸಲ್ಲುವ ಒಟ್ಟು ಬಿಸಿಲು ಒಂದೇ! ಸೂರ್ಯನು ಯಾವ ನಕ್ಷತ್ರಕ್ಕೂ ಪಕ್ಷಪಾತ ಮಾಡಿಲ್ಲ. ಆ ಬಿಸಿಲನ್ನು ಉತ್ತರಕ್ಕೂ ದಕ್ಷಿಣಕ್ಕೂ ಹೆಚ್ಚುಕಡಿಮೆಯಾಗಿ ಹಂಚುವುದು ಅಕ್ಷದ ವಾಲು.

ದೂರದ ಇನ್ನೊಂದು ಸಾಕ್ಷಿ ಕ್ಷಯಮಾಸ. ಮಿಥುನದ ಸೌರಮಾಸ ಮೂವತ್ತೊಂದೂವರೆ ದಿನಗಳಿಗೂ ಹೆಚ್ಚು. ಧನುರ್ಮಾಸ ಇಪ್ಪತ್ತೊಂಬತ್ತು ದಿನ ಎಂಟು ಗಂಟೆಗಳ ಸುಮಾರು. ಚಾಂದ್ರಮಾಸವು ಸರಾಸರಿ ಇಪ್ಪತ್ತೊಂಬತ್ತೂವರೆ ದಿನಗಳದ್ದಾದುದರಿಂದ, ಚಳಿಗಾಲದ ಈ ಮೊಟಕು ಸೌರಮಾಸಗಳ ಕಾಲದಲ್ಲಿ ಮಾತ್ರ ಒಂದೇ ಚಾಂದ್ರಮಾಸದೊಳಗೆ ಎರಡು ಸಂಕ್ರಮಣಗಳು ಬಿದ್ದು ಒಂದು ಮಾಸವೇ ಲುಪ್ತವಾಗುವ ಸಂಭವವಿದೆ. 1963-64ರ ಶೋಭಕೃತ್ ಸಂವತ್ಸರದಲ್ಲಿಯೂ 1982-83ರ ದುಂದುಭಿ ಸಂವತ್ಸರದಲ್ಲಿಯೂ ಹೀಗಾಗಿತ್ತು. ಲೋಪವಾದ ಮಾಸಕ್ಕೆ ದೋಷವನ್ನು ಕಲ್ಪಿಸಿ ಭಯಪಡುವವರು, ಅದರ ಹಿಂದಿರುವುದು ಭೂಮಿಯ ಶೀಘ್ರಗತಿಯೇ ಎಂದು ತಿಳಿದರೆ ಸಾಕು.

ಇನ್ನು ಮಕರ ಸಂಕ್ರಮಣದ ವಿಚಾರ. ಭೋಗಿಯಂದು ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಉಂಡು, ಮರುದಿನ ಕುಸುರೆಳ್ಳು ಹಂಚುವಾಗ ಉತ್ತರಾಯಣ ಇಂದಿನಿಂದ ಎನ್ನುವುದು ರೂಢಿ. ಶಂಕುವಿನ ನೆರಳನ್ನು ಕೇಳಿದರೆ ಅದು ಡಿಸೆಂಬರ್ 22ರಿಂದಲೇ ಕುಗ್ಗಲಾರಂಭಿಸಿರುತ್ತದೆ. ಸಂಕ್ರಮಣವು ಜನವರಿ 14 ಅಥವಾ 15ರಂದು ಬರುತ್ತದೆ. ಅಯನವೂ ಸಂಕ್ರಮಣವೂ ಒಂದೇ ದಿನ ಕೂಡಿದ್ದುದು ಸುಮಾರು ಹದಿನೇಳು ಶತಮಾನಗಳ ಹಿಂದೆ. ತಿರುಗುವ ಬುಗುರಿ ಮೆಲ್ಲಗೆ ತಲೆದೂಗುವಂತೆ ಭೂಮಿಯ ಅಕ್ಷವೂ ಸುಮಾರು 26,000 ವರ್ಷಗಳಿಗೊಮ್ಮೆ ಒಂದು ಸುತ್ತು ತೂಗುತ್ತದೆ. ಒಂದು ವರ್ಷದೊಳಗೆ ಅಲುಗದೆಂದು ಮೇಲೆ ಹೇಳಿದ ಅಕ್ಷ ಸಹಸ್ರಮಾನಗಳಲ್ಲಿ ಹೀಗೆ ಅಲುಗುತ್ತದೆ. ಇದರಿಂದ ಋತುಗಳು ನಕ್ಷತ್ರಗಳನ್ನು ಬಿಟ್ಟು 72 ವರ್ಷಗಳಿಗೆ ಸುಮಾರು ಒಂದು ಅಂಶದಂತೆ ಹಿಂದೆ ಸರಿಯುತ್ತವೆ. ಮೇಘನಾದ ಸಾಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿಯ ಶಿಫಾರಸಿನಂತೆ 1957ರ ಮಾರ್ಚ್ 22ರಿಂದ ಜಾರಿಗೆ ಬಂದ ರಾಷ್ಟ್ರೀಯ ಪಂಚಾಂಗವು ವರ್ಷಾರಂಭವನ್ನು ವಿಷುವದ್ದಿನಕ್ಕೆ ಗಂಟುಹಾಕಿದ್ದು ಈ ಸರಿಯುವಿಕೆಯನ್ನು ತಡೆಯಲೆಂದೇ. ಸರ್ಕಾರದ ಕಾಗದಪತ್ರಗಳಲ್ಲಿ ಅದು ಉಳಿದಿದೆ. ಹಬ್ಬಹುಣ್ಣಿಮೆಗಳು ಹಳೆಯ ದಾರಿಯಲ್ಲಿಯೇ ನಡೆದಿವೆ.

ರೈತನಿಗೆ ಇದರಿಂದ ಆಗುವುದೇನೆಂದು ಕೇಳಬಹುದು. ಶ್ರೀಧರಾಚಾರ್ಯನ ಕಾಲದಿಂದ ಇಂದಿಗೆ ಋತುಗಳು ಸರಿದಿರುವುದು ಹದಿಮೂರೂವರೆ ಅಂಶದಷ್ಟು. ಅದು ಸರಿಸುಮಾರು ಒಂದು ನಕ್ಷತ್ರದ ಅಳತೆ. ಈಗ ಮಿರಗ ಹುಟ್ಟುವ ಹಂಗಾಮಿನಲ್ಲಿ, ಜೂನ್ 8ರ ಸುಮಾರಿಗೆ, ಬಿಸಿಲಿನ ಓರೆ ಎಷ್ಟಿರುತ್ತದೆಯೋ ಅಷ್ಟೇ ಓರೆಯಿರುವ ದಿನ ಅವನ ಕಾಲದಲ್ಲಿ ಆರಿದ್ರೆ ಹುಟ್ಟುತ್ತಿತ್ತು. ಮೋಡ ಬರುವುದು ಬಿಸಿಲಿನ ಓರೆಯನ್ನೂ ಅದು ನೆಲಜಲಗಳನ್ನು ಕಾಯಿಸುವ ಬಗೆಯನ್ನೂ ಅವಲಂಬಿಸಿಯೇ ಹೊರತು ನಕ್ಷತ್ರದ ಹೆಸರನ್ನು ಅವಲಂಬಿಸಿಯಲ್ಲ. ಇಂಥ ಮಳೆಗೆ ಬಿತ್ತು, ಇಂಥ ಮಳೆ ಕೈಕೊಟ್ಟರೆ ಬೆಳೆ ಹೋಯಿತು ಎಂಬ ಗಾದೆಗಳಲ್ಲಿ ಯಾವುದಾದರೂ ಅಷ್ಟು ಹಳೆಯದಿದ್ದರೆ, ಅದು ಒಂದು ಮಳೆಯಷ್ಟು ತಪ್ಪಿರುತ್ತದೆ. ಒಂದು ತಲೆಮಾರಿನೊಳಗೆ ಈ ಅಂತರ ಅರ್ಧ ದಿನವೂ ಆಗದು. ಅಜ್ಜ ಹೇಳಿದ್ದು ಮೊಮ್ಮಗನಿಗೆ ಸರಿಯಾಗಿಯೇ ಕಾಣುತ್ತದೆ.

ದೂರವೂ ಕೊನೆಗೆ ತನ್ನ ಪಾಲನ್ನು ಕೇಳದೆ ಬಿಡುವುದಿಲ್ಲ. ಕ್ರಿ.ಶ. 13ನೆಯ ಶತಮಾನದ ನಡುವಿನಲ್ಲಿ ರವಿನೀಚವು ಡಿಸೆಂಬರದ ಅಯನದಿನದಂದೇ ಇತ್ತು. ಅಲ್ಲಿಂದ ಇಲ್ಲಿಗೆ ಎರಡು ವಾರ ಮುಂದೆ ಬಂದಿದೆ. ಸುಮಾರು 21,000 ವರ್ಷಗಳಿಗೊಮ್ಮೆ ಅದು ಎಲ್ಲ ಋತುಗಳನ್ನೂ ಸುತ್ತಿಬರುತ್ತದೆ. ಹತ್ತು ಹನ್ನೊಂದು ಸಹಸ್ರ ವರ್ಷಗಳ ಹಿಂದೆ ಭೂಮಿಯು ಸೂರ್ಯನಿಗೆ ಸಮೀಪವಾಗುತ್ತಿದ್ದುದು ಉತ್ತರಾರ್ಧಗೋಲದ ಬೇಸಿಗೆಯಲ್ಲಿಯೇ. ವಾಲಿನ ಜೊತೆಗೆ ಸಾಮೀಪ್ಯವೂ ಕೂಡಿಕೊಂಡು ಏಷ್ಯಾದ ನೆಲ ಹೆಚ್ಚು ಕಾದು, ನೈರುತ್ಯ ಮಾರುತ ಇಂದಿಗಿಂತ ಪ್ರಬಲವಾಗಿತ್ತೆಂಬುದಕ್ಕೆ ಅರಬ್ಬೀ ಸಮುದ್ರದ ತಳದ ಕೆಸರಿನಲ್ಲಿ ಪುರಾವೆಗಳು ದೊರೆತಿವೆ. ಈಗ ಸಾಮೀಪ್ಯವು ಚಳಿಗಾಲದ ಪಾಲಾಗಿರುವುದರಿಂದ ಇಲ್ಲಿನ ಬೇಸಿಗೆ ತುಸು ಸೌಮ್ಯ, ಚಳಿಯೂ ತುಸು ಸೌಮ್ಯ. ಮಾರ್ಚಿನ ವಿಷುವದಿಂದ ಸೆಪ್ಟೆಂಬರಿನ ವಿಷುವದವರೆಗೆ 186 ದಿನ, ಉಳಿದ ಅರ್ಧಕ್ಕೆ 179 ದಿನ. ಇನ್ನೊಂದು ಸಾವಿರ ವರ್ಷಕ್ಕೆ ರವ್ಯುಚ್ಚವು ಜುಲೈ 20ರ ಸುಮಾರಿಗೆ ಬಂದು, ಆರಿದ್ರೆಯನ್ನು ದಾಟಿ ಪುನರ್ವಸುವಿನಲ್ಲಿರುತ್ತದೆ. ಇಂದಿನ ಮಿರಗದ ಹಂಗಾಮು ಬಂದಾಗ ಸೂರ್ಯನು ರೋಹಿಣಿಯಲ್ಲಿರುತ್ತಾನೆ.